ಅರಿಶಿನ ಹಚ್ಚಿಟ್ಟ ಬಂಗುಡೆ

ಆ ಭಾನುವಾರ ಮೀನಿನ ಲಾರಿ ಕುಣಿಗಲ್ ಬೈಪಾಸಿಗೆ ಬಂದಾಗ ಬೆಳಗಿನ ಆರೂವರೆ. ಐದಕ್ಕೆ ಬರಬೇಕಾಗಿದ್ದ ಲಾರಿ. ಒಂದೂವರೆ ಗಂಟೆ ನಾನು ಟೀ ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡುತ್ತ, ಡ್ರೈವರಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತ, ಅವನು ಎತ್ತದಿದ್ದಾಗ ಬಾಯಿಗೆ ಬಂದಂತೆ ಬೈಯುತ್ತ ಕಳೆದೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲೂ ಹೇಳುತ್ತಾರೆ, ಅಂಗಡಿಗೆ ಬರುವವರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಅವತ್ತಿನ ಕೋಪಕ್ಕೆ ಕಾರಣವಿತ್ತು. ಅವತ್ತೇ ಮಧ್ಯಾಹ್ನ ನಿಟ್ಟೂರಿನಲ್ಲಿ ಅಕ್ಕನ ಮಗಳ ಬೀಗರೂಟ.

ಮದುವೆಯ ದಿನ ಸಿಹಿಯೂಟ ಉಂಡು ಹೋದ ಗಂಡಿನ ಕಡೆಯವರನ್ನು ಮತ್ತೆ ಕರೆದು ಬಾಡೂಟ ಹಾಕಬೇಕು. ನಮ್ಮ ಕಡೆ ಮದುವೆಯ ಮಾತು ಒಂದು ವಾರ ಉಳಿದರೆ ಬೀಗರೂಟದ ಮಾತು ಹತ್ತು ವರ್ಷ ಉಳಿಯುತ್ತದೆ. ಪೀಸು ಕಮ್ಮಿ ಬಿತ್ತು, ಮುದ್ದೆ ಗಂಟಾಗಿತ್ತು ಎಂದು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಕಾರ್ತಿಕ ಕಳೆದು ಧನುರ್ಮಾಸ ಹಿಡಿಯುವುದರೊಳಗೆ ಮುಗಿಸಬೇಕೆಂದು ಅಕ್ಕ ಆ ಭಾನುವಾರವನ್ನೇ ಗೊತ್ತು ಮಾಡಿದ್ದಳು. ಹುಡುಗಿಯ ಸೋದರಮಾವ ನಾನೊಬ್ಬನೇ. ಮೇಲಾಗಿ ತುಮಕೂರಿನಲ್ಲಿ ಸಮುದ್ರದ ಮೀನಿನ ಅಂಗಡಿ ಇಟ್ಟವನು. ಛತ್ರದಲ್ಲಿ ಬೀಗರೆಲ್ಲ ನಿಂತಿರುವಾಗ ಸುಮ್ಮನಿರಲಾರದೆ, "ಮಟನ್ ಎಲ್ರೂ ಹಾಕ್ತಾರೆ ಬುಡಿ. ನಾನು ಮಂಗ್ಳೂರು ಬಂಗುಡೆ ಫ್ರೈ ತಿನ್ನಿಸ್ತೀನಿ" ಎಂದು ಎದೆ ತಟ್ಟಿಕೊಂಡು ಹೇಳಿಬಿಟ್ಟಿದ್ದೆ. ಅಕ್ಕನ ಮನೆಯ ಮರ್ಯಾದೆ ನನ್ನ ಮೀನಿನ ಪೆಟ್ಟಿಗೆಯಲ್ಲಿ ಕೂತಿತ್ತು.

ಲಾರಿಯವನು ಪೆಟ್ಟಿಗೆ ಇಳಿಸಿದ. ಮುಚ್ಚಳ ತೆಗೆದು ಐಸಿನೊಳಗೆ ಕೈ ಹಾಕಿ ಒಂದು ಬಂಗುಡೆ ಎತ್ತಿದೆ. ಬೆನ್ನಿನ ಮೇಲೆ ಹಸಿರು ನೀಲಿ ಗೆರೆಗಳು ಸ್ಪಷ್ಟವಾಗಿದ್ದವು. ಕಿವಿರು ಎತ್ತಿ ನೋಡಿದೆ, ಕೆಂಪಗಿತ್ತು. ಆದರೆ ಮೊದಲಿನ ಕೆಂಪಲ್ಲ, ಒಂದು ಬಣ್ಣ ಇಳಿದಿತ್ತು. ಹೊಟ್ಟೆಯನ್ನು ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ನಿಧಾನವಾಗಿ ಮೇಲೆ ಬಂತು. ವಾಸನೆ ಇರಲಿಲ್ಲ. "ಎಷ್ಟು ದಿನದ್ದಯ್ಯಾ?" ಎಂದು ಕೇಳಿದ್ದಕ್ಕೆ ಡ್ರೈವರು, "ನಾನು ಗಾಡಿ ಓಡ್ಸೋನು, ಮೀನು ಹಿಡಿಯೋನಲ್ಲ" ಎಂದು ಹೊರಟೇಬಿಟ್ಟ.

ಸಮುದ್ರವನ್ನು ನಾನು ಕಣ್ಣಾರೆ ಕಂಡಿರುವುದು ಎರಡೇ ಸಲ. ಉಳಿದಂತೆ ನನ್ನ ಸಮುದ್ರ ಈ ಥರ್ಮಾಕೋಲ್ ಪೆಟ್ಟಿಗೆಯೇ. ಅದರೊಳಗೆ ಏನು ಬರುತ್ತದೆ, ಎಷ್ಟು ದಪ್ಪ ಬರುತ್ತದೆ, ಯಾವ ತಿಂಗಳು ಬರುತ್ತದೆ ಎಂಬುದರಲ್ಲೇ ಅಲ್ಲಿ ಏನು ನಡೆಯುತ್ತಿದೆ ಎಂದು ತಿಳಿದುಕೊಂಡವನು ನಾನು. ಅಂಗಡಿ ಶುರು ಮಾಡಿದ ಹೊಸತರಲ್ಲಿ ಅದಕ್ಕೊಂದು ಲೆಕ್ಕಾಚಾರವಿತ್ತು. ಮಳೆಗಾಲ ಮುಗಿದು ಗಣಪತಿ ಹಬ್ಬ ಕಳೆಯುತ್ತಿದ್ದಂತೆ ಬೂತಾಯಿ ಬರುತ್ತಿತ್ತು. ಬೆಳ್ಳಗೆ ಫಳಫಳ ಹೊಳೆಯುವ, ಬಾಣಲೆಗೆ ಹಾಕಿದರೆ ತನ್ನ ಎಣ್ಣೆಯನ್ನು ತಾನೇ ಬಿಡುವ ಮೀನು. ಅದರ ಬೆನ್ನಿಗೇ ಬಂಗುಡೆ. ಸಂಕ್ರಾಂತಿಯವರೆಗೆ ಚಿಂತೆ ಇರುತ್ತಿರಲಿಲ್ಲ.

ಆಮೇಲೆ ಒಂದು ವರ್ಷ ಬೂತಾಯಿ ಅರ್ಧ ಬೆರಳಿನಷ್ಟೇ ಬಂತು. ಮತ್ತೊಂದು ವರ್ಷ ಬರಲೇ ಇಲ್ಲ. ಅದರ ಮುಂದಿನ ವರ್ಷ ಯಾರೂ ಕಾಯದ ತಿಂಗಳಲ್ಲಿ ರಾಶಿ ರಾಶಿ ಬಂದು, ಹದಿನೈದು ದಿನದಲ್ಲಿ ಮಾಯವಾಯಿತು. ನಾನು ಮಂಗಳೂರಿನ ವ್ಯಾಪಾರಿಗೆ ಫೋನ್ ಮಾಡಿ ಜಗಳವಾಡುತ್ತಿದ್ದೆ. ಒಳ್ಳೆಯದನ್ನು ಕೇರಳಕ್ಕೆ ಕಳಿಸಿ ಕಸವನ್ನು ನಮಗೆ ಹಾಕುತ್ತಾನೆಂದೇ ನನ್ನ ಅನುಮಾನ. ಅವನು ಸಮಾಧಾನದ ಮನುಷ್ಯ. "ಇಲ್ಲ ಮಾರಾಯ್ರೆ. ನೀರು ಬಿಸಿ ಉಂಟು. ಮಳೆಗಾಲದಲ್ಲಿ ಅಡಿಯ ತಣ್ಣೀರು ಮೇಲೆ ಬರ್ಬೇಕು, ಅದರ ಒಟ್ಟಿಗೆ ಮೀನಿನ ಮೇವು ಬರ್ತದೆ. ಮೇಲಿನ ನೀರು ಕಾದು ಕೂತ್ರೆ ಕೆಳಗಿನದ್ದು ಬರೂದಿಲ್ಲ. ಮೇವಿಲ್ಲದ ಕಡೆ ಮೀನು ಯಾಕೆ ಬರ್ತದೆ ಹೇಳಿ? ಕೆಲವು ಆಳಕ್ಕೆ ಇಳೀತವೆ, ಕೆಲವು ಉತ್ತರಕ್ಕೆ ಹೋಗ್ತವೆ" ಎಂದು ಬಿಡಿಸಿ ಹೇಳಿದ್ದ.

ಹುಲ್ಲು ಕಂಡ ಕಡೆಗೆ ಕುರಿಮಂದೆ ಹೋದಂತೆ ಎಂದುಕೊಂಡೆ. ಅರ್ಥವಾಯಿತು. ಆದರೆ ಅರ್ಥವಾಗದೆ ಉಳಿದದ್ದು ಒಂದಿತ್ತು. ಮೀನು ದೂರ ಹೋದರೆ ಬೋಟೂ ದೂರ ಹೋಗಬೇಕು. ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಿದ್ದ ಬೋಟು ಐದಾರು ದಿನ ನೀರಿನ ಮೇಲೆಯೇ ಉಳಿಯಬೇಕು. ಮೊದಲ ದಿನ ಹಿಡಿದ ಮೀನು ಅಷ್ಟೂ ದಿನ ಐಸಿನಲ್ಲಿ ಮಲಗಿರಬೇಕು. ಇದು ಕಷ್ಟದ ಲೆಕ್ಕವೇನಲ್ಲ. ನಾನು ಮಾಡಲಿಲ್ಲ, ಅಷ್ಟೆ. ಪೆಟ್ಟಿಗೆ ನನ್ನ ಕೈಗೆ ಬಂದ ಹೊತ್ತನ್ನೇ ಮೀನು ಹುಟ್ಟಿದ ಹೊತ್ತೆಂದು ತಿಳಿದಿದ್ದೆ.

ಅಷ್ಟರಲ್ಲಿ ಬೀಗರು, ಅಂದರೆ ಕುಣಿಗಲ್ಲಿನಲ್ಲೇ ಮನೆಯಿರುವ ಹುಡುಗನ ಅಪ್ಪ, ಬೈಪಾಸಿಗೇ ಸ್ಕೂಟರಿನಲ್ಲಿ ಬಂದರು. ಅವರ ತಾಯಿಗೆ ವಯಸ್ಸಾಗಿದೆ, ಅಷ್ಟು ದೂರ ಕೂತು ಬರಲಾರರು, ಮನೆಯಲ್ಲೇ ಉಳಿಯುತ್ತಾರೆ. ಅವರಿಗೂ ಬಂಗುಡೆಯ ರುಚಿ ಸಿಗಲಿ ಎಂದು ನಾನೇ ಬರಹೇಳಿದ್ದೆ. ಐಸಿನ ಸಮೇತ ನಾಲ್ಕು ಮೀನು ಕವರಿಗೆ ಹಾಕಿ ಕೊಟ್ಟೆ. "ಅರಿಶಿನ ಉಪ್ಪು ಹಚ್ಚಿ ಮಧ್ಯಾಹ್ನದವರ್ಗೂ ಬುಡೋಕೆ ಹೇಳಿ ಬೀಗ್ರೇ" ಎಂದೆ. ಅವರು ನಗುತ್ತ, "ನಮ್ಮವ್ವ ಅಷ್ಟೊತ್ತು ಕಾಯ್ತಾಳಾ?" ಎಂದು ಕವರನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೋದರು.

ಆ ಅರಿಶಿನದ ಮಾತು ನನ್ನ ಬಾಯಲ್ಲಿ ಉಸಿರಿನಷ್ಟು ಸಲೀಸು. ನಮ್ಮಪ್ಪ ಮಾರ್ಕೋನಹಳ್ಳಿ ಹಿನ್ನೀರಿನಲ್ಲಿ ಬಲೆ ಬಿಡುತ್ತಿದ್ದವನು. ನಿಂತ ನೀರಿನ ಮೀನಿಗೆ ಕೆಸರಿನ ವಾಸನೆ. ಅದನ್ನು ತೆಗೆಯಲು ಅವ್ವ ಮೀನು ಕೊಯ್ದು ತೊಳೆದು, ಕಲ್ಲುಪ್ಪು ಅರಿಶಿನ ತಿಕ್ಕಿ, ಮೇಲಿಷ್ಟು ಹುಣಸೆಹುಳಿ ಹಿಂಡಿ, ಕುಕ್ಕೆ ಮುಚ್ಚಿ ಮೂರು ನಾಲ್ಕು ಗಂಟೆ ಬಿಡುತ್ತಿದ್ದಳು. ಬೆಳಿಗ್ಗೆ ಹಿಡಿದ ಮೀನು, ಮಧ್ಯಾಹ್ನಕ್ಕೆ ಸಾರು. ನಾನು ತುಮಕೂರಿನಲ್ಲಿ ಸಮುದ್ರದ ಮೀನು ತಂದಿಟ್ಟಾಗ ಜನ ಮೂಗು ಮುಚ್ಚಿಕೊಂಡು ದಾಟಿಹೋಗುತ್ತಿದ್ದರು. ಅವರನ್ನು ಹಿಡಿದು ನಿಲ್ಲಿಸಿ ನಾನು ಹೇಳಿಕೊಟ್ಟದ್ದು ಅವ್ವನ ವಿದ್ಯೆಯನ್ನೇ. "ಅರಿಶಿನ ಹಚ್ಚಿ ಬೆಳಿಗ್ಗೆಯಿಂದ ಮಧ್ಯಾಹ್ನದವರ್ಗೂ ಬುಡಿ, ಸಮುದ್ರದ ವಾಸ್ನೆ ಬಂದ್ರೆ ದುಡ್ಡು ವಾಪಸ್." ಹಾಗೆ ಮಾಡಿದವರು ಮತ್ತೆ ಬಂದರು. ಪಕ್ಕದ ಮನೆಯವರನ್ನು ಕರೆತಂದರು. ನನ್ನ ಅಂಗಡಿ ನಿಂತಿದ್ದೇ ಆ ಒಂದು ಮಾತಿನ ಮೇಲೆ ಎಂದರೂ ತಪ್ಪಿಲ್ಲ.

ಏಳೂವರೆಗೆ ತುಮಕೂರು ತಲುಪಿದೆ. ಅಕ್ಕನ ಗಂಡ ಓಮ್ನಿ ತಂದು ಅಂಗಡಿ ಮುಂದೆ ಕಾಯುತ್ತಿದ್ದರು. ಮೀನು ಕೊಯ್ದು ಸ್ವಚ್ಛ ಮಾಡಿ ಎರಡು ಪ್ಲಾಸ್ಟಿಕ್ ಟಬ್ಬಿಗೆ ತುಂಬಿಸಿ, ಐಸಿನ ಭಾರ ಸುಮ್ಮನೆ ಯಾಕೆಂದು ಅದನ್ನು ತೆಗೆದುಹಾಕಿ ಕಳಿಸಿದೆ. ಹೇಗೂ ಹೋದ ಕೂಡಲೇ ಅಕ್ಕ ಅರಿಶಿನ ಹಚ್ಚುತ್ತಾಳೆ ಎಂಬ ಧೈರ್ಯ. ಭಾನುವಾರದ ವ್ಯಾಪಾರ ಬಿಡುವಂತಿರಲಿಲ್ಲ. ಹನ್ನೊಂದಕ್ಕೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಹೊರಟರಾಯಿತೆಂದು ನಿಂತೆ. ಉಳಿದ ಬಂಗುಡೆಯೂ ಚೆನ್ನಾಗಿ ಹೋಗುತ್ತಿತ್ತು.

ಹತ್ತೂವರೆಗೆ ಮಂಗಳೂರಿನವನ ಫೋನ್ ಬಂತು.

"ನಿನ್ನೆ ಹಾಕಿದ ಬಂಗುಡೆ ಮಾರಿ ಆಯ್ತಾ?"

"ಯಾಕೆ?"

"ಹಾಸನದ ಒಂದು ಹೋಟೆಲಿನವರು ಫೋನ್ ಮಾಡಿದ್ರು. ತಿಂದವರ ಮುಖ ಕೆಂಪಾಗಿ ಮೈಯೆಲ್ಲ ಉರಿ ಅಂತೆ. ಬೋಟಿನವ ನನ್ನ ಹತ್ರ ಸುಳ್ಳು ಹೇಳಿದ್ದಾನೆ. ಎರಡು ದಿನದ ಮೀನು ಅಂದ. ಈಗ ವಿಚಾರಿಸಿದ್ರೆ ಆರು ದಿನ ಹೊರಗೆ ಇದ್ನಂತೆ. ಹತ್ತಿರ ಮೀನೇ ಇರ್ಲಿಲ್ಲ, ಗೋವಾ ದಾಟಿ ಹೋಗಿದ್ದಾನೆ."

ನಾನು ಅವನ ಮೇಲೆ ಹರಿಹಾಯ್ದೆ. ಅವನು ಎಲ್ಲ ಕೇಳಿಸಿಕೊಂಡು, "ಬೈಯಿರಿ, ಬೇಡ ಅನ್ನೂದಿಲ್ಲ. ಮೀನು ಐಸಲ್ಲಿ ಇದ್ದಷ್ಟು ಹೊತ್ತು ತೊಂದರೆ ಇಲ್ಲ. ಐಸಿಂದ ತೆಗೆದ ಕೂಡ್ಲೇ ಬೇಯಿಸ್ಬೇಕು. ಹೊರಗೆ ಮಾತ್ರ ಇಡ್ಬೇಡಿ. ಹೋಟೆಲಿನವರು ಮಸಾಲೆ ಹಚ್ಚಿ ಬೆಳಗಿನ ಜಾವದಿಂದ ಹೊರಗೆ ಇಟ್ಟಿದ್ರಂತೆ" ಎಂದ.

ಅಕ್ಕ ಅರಿಶಿನ ಹಚ್ಚಿ ಆಗಲೇ ಒಂದೂವರೆ ಗಂಟೆಯಾಗಿರಬೇಕು. ಅಕ್ಕನಿಗೆ ಫೋನ್ ಮಾಡಿದೆ, ರಿಂಗಾಗಿ ನಿಂತುಹೋಯಿತು. ಭಾವನ ಫೋನು ಸ್ವಿಚ್ ಆಫ್. ಹುಡುಗಿಗೆ ಮಾಡಿದೆ, ಎತ್ತಿದಳು. ಶಾಮಿಯಾನದ ಸ್ಪೀಕರಿನ ಹಾಡಿನಲ್ಲಿ ನನ್ನ ಮಾತು ಅವಳಿಗೆ ಕೇಳಲಿಲ್ಲ. "ಬೇಗ ಬಾ ಮಾವ, ಬೀಗ್ರು ಕುಣಿಗಲ್ ಬಿಟ್ಟವ್ರಂತೆ" ಎಂದು ಇಟ್ಟುಬಿಟ್ಟಳು. ಉಳಿದ ಬಂಗುಡೆಯನ್ನು ಮಾರಬೇಡವೆಂದು ಹೆಂಡತಿಗೆ ಕೂಗಿ ಹೇಳಿ ಬೈಕು ಹತ್ತಿದೆ.

ತುಮಕೂರಿನಿಂದ ನಿಟ್ಟೂರಿಗೆ ಎಷ್ಟೋ ಸಾವಿರ ಸಲ ಹೋಗಿದ್ದೇನೆ. ಅವತ್ತಿನಷ್ಟು ಉದ್ದದ ದಾರಿ ಅದು ಯಾವತ್ತೂ ಆಗಿರಲಿಲ್ಲ. ಗುಬ್ಬಿಯ ಪೇಟೆಯಲ್ಲಿ ಒಂದು ಟ್ರ್ಯಾಕ್ಟರು ಅಡ್ಡ ನಿಂತು, ಅದರವನು ಇಳಿದು ಬಾಳೆಹಣ್ಣು ಕೊಳ್ಳುತ್ತಿದ್ದ. ನಾನು ಹಾರ್ನ್ ಒತ್ತಿ ಹಿಡಿದೆ. ಅವನು ತಿರುಗಿ, "ಏನ್ಲಾ, ಹೆರಿಗೇಗೆ ಹೊಂಟಿದೀಯಾ?" ಎಂದ. ಬೇರೆ ದಿನವಾಗಿದ್ದರೆ ಇಳಿದು ಕೈ ಕೈ ಮಿಲಾಯಿಸುತ್ತಿದ್ದೆ. ಅವತ್ತು ಚರಂಡಿಯ ಪಕ್ಕದಿಂದ ಬೈಕು ನುಗ್ಗಿಸಿಕೊಂಡು ಹೋದೆ.

ಅಕ್ಕನ ಮನೆ ಮುಟ್ಟಿದಾಗ ಹನ್ನೊಂದೂಮುಕ್ಕಾಲು. ಹಿತ್ತಿಲಿನಲ್ಲಿ ಮೂರು ಕಲ್ಲೊಲೆಗಳು ಧಗಧಗ ಉರಿಯುತ್ತಿದ್ದವು. ಒಂದರ ಮೇಲೆ ಮಟನ್ ಸಾರಿನ ಹಂಡೆ, ಇನ್ನೊಂದರ ಮೇಲೆ ಮುದ್ದೆಗೆ ಎಸರು. ಮೂರನೆಯದರ ಪಕ್ಕದಲ್ಲೇ, ಬೆಂಕಿಯ ಕಾವು ಬಡಿಯುವ ಹಾಗೆ, ಬೆಳ್ಳನೆಯ ಪಂಚೆ ಮುಚ್ಚಿದ ಎರಡು ಟಬ್ಬುಗಳು. ಪಂಚೆ ಎತ್ತಿದೆ. ಅರಿಶಿನ ಬಳಿದ ಬಂಗುಡೆಗಳು ಮದುಮಕ್ಕಳ ಹಾಗೆ ಸಾಲಾಗಿ ಮಲಗಿದ್ದವು. ಮುಟ್ಟಿದರೆ ಬೆಚ್ಚಗಿದ್ದವು. ಮೂಗಿಗೆ ಹಿಡಿದೆ. ಅರಿಶಿನ, ಹುಣಸೆ, ಉಪ್ಪು. ಬೇರೆ ಯಾವ ವಾಸನೆಯೂ ಇರಲಿಲ್ಲ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. "ನೋಡ್ಲಾ, ಒಂದು ಚೂರು ವಾಸ್ನೆ ಇಲ್ಲ. ಒಂಬತ್ತಕ್ಕೇ ಹಚ್ಚಿಟ್ಟೆ" ಎಂದು ಹೆಮ್ಮೆಯಿಂದ ಹೇಳಿದಳು.

"ಅಕ್ಕ, ಈ ಮೀನು ಬೇಡ. ಗುಂಡಿ ತೋಡಿ ಹೂಳ್ಸು. ಹಾಸನದಲ್ಲಿ ಇದನ್ನೇ ತಿಂದೋರಿಗೆ ಮೈಯೆಲ್ಲ ಉರಿ ಬಂದೈತಂತೆ."

ಅವಳು ನಕ್ಕಳು. ನಾನು ನಗಲಿಲ್ಲವೆಂದು ಕಂಡಾಗ ಅವಳ ಮುಖ ಬಿಗಿಯಿತು. "ಏನ್ಲಾ ಅಂತೀಯಾ? ಬೀಗ್ರು ಇನ್ನೇನು ಬಾಗ್ಲಿಗೆ ಬಂದ್ರು. ಹಾಸನದಲ್ಲಿ ಯಾರಿಗೋ ಏನೋ ಆಯ್ತು ಅಂತ ನಾನು ಇಷ್ಟು ಮೀನು ಮಣ್ಣು ಮಾಡ್ಲಾ? ಮೂಸಿ ನೋಡು. ಎಲ್ಲಿ ಕೆಟ್ಟೈತೆ ತೋರ್ಸು!"

ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಹುಟ್ಟಿದಾಗಿನಿಂದ ಮೀನಿನ ನಡುವೆ ಬೆಳೆದ ಇಬ್ಬರು ಒಂದು ಟಬ್ಬಿನ ಎರಡು ಬದಿಯಲ್ಲಿ ನಿಂತಿದ್ದೆವು. ನಮ್ಮ ಕಣ್ಣು, ಮೂಗು, ಬೆರಳು ಎಲ್ಲವೂ ಮೀನು ಚೆನ್ನಾಗಿದೆ ಎಂದೇ ಹೇಳುತ್ತಿದ್ದವು. ಒಂದು ಕ್ಷಣ ನನಗೂ ಅನ್ನಿಸಿತು, ಹೋಗಲಿ, ಏನೂ ಆಗುವುದಿಲ್ಲ, ಇಷ್ಟು ವರ್ಷ ಆಗಿಲ್ಲವಲ್ಲ ಎಂದು. ಹೆದರಿಕೆಯಾಗಿದ್ದು ಆಗಲೇ. ನನ್ನ ಮರ್ಯಾದೆ ಉಳಿಸಿಕೊಳ್ಳಲು ನಾನು ಅಷ್ಟು ಜನರಿಗೆ ಅದನ್ನು ತಿನ್ನಿಸಲೂ ತಯಾರಾಗಿದ್ದೆನಲ್ಲ.

"ಸರಿ. ಮೊದ್ಲು ನಾನು ತಿಂತೀನಿ. ಅರ್ಧ ಗಂಟೆ ನೋಡು. ನನಗೇನೂ ಆಗ್ದಿದ್ರೆ ಬಡಿಸು" ಎಂದೆ.

ಮೂರು ಮೀನು ತೆಗೆದು ತೊಳೆದೆ. ಖಾರ ಹಾಕದೆ ಬರೀ ಎಣ್ಣೆಯಲ್ಲಿ ಕರಿದು ಹಿತ್ತಿಲ ಕಲ್ಲಿನ ಮೇಲೆ ಕೂತು ತಿಂದೆ. ಎರಡನೆಯ ತುತ್ತಿಗೇ ನಾಲಿಗೆಯ ತುದಿ ಚುರುಚುರು ಅಂದಿತು, ಕಾಳುಮೆಣಸು ಕಚ್ಚಿದ ಹಾಗೆ. ಖಾರದ ಮಸಾಲೆ ಹಾಕಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನಿಗೆ ಹೇಳಿದೆ. "ಎಣ್ಣೆ ಬಿಸಿ ಇರುತ್ತೆ, ನಾಲ್ಗೆ ಸುಟ್ಕೊಂಡಿದೀಯ" ಎಂದಳು. ಆದರೆ ಒಲೆಯಿಂದ ಬಾಣಲೆ ಇಳಿಸಿದಳು.

ಶಾಮಿಯಾನದ ಮುಂದೆ ಮಿನಿಬಸ್ ಬಂದು ನಿಂತ ಸದ್ದು. ಬೀಗರು ಇಳಿದರು. ಪಾನಕ ಕೊಟ್ಟದ್ದು, ಚಾಪೆ ಹಾಸಿದ್ದು, ನಗು, ಎಲ್ಲವೂ ಗೋಡೆಯಾಚೆಯಿಂದ ಕೇಳುತ್ತಿತ್ತು. ಹುಡುಗನ ಚಿಕ್ಕಪ್ಪನೊಬ್ಬ ದೊಡ್ಡ ಗಂಟಲಿನವನು, "ಎಲ್ಲಪ್ಪಾ ಮಂಗ್ಳೂರು ಸೋದರಮಾವ? ಸಮುದ್ರನೇ ತತ್ತೀನಿ ಅಂದಿದ್ನಲ್ಲ!" ಎಂದು ಕೂಗಿದ. ಎಲ್ಲರೂ ಹೋ ಎಂದು ನಕ್ಕರು. ಬೀಗರನ್ನು ಗೇಲಿ ಮಾಡುವುದು, ಮಾಡಿಸಿಕೊಳ್ಳುವುದು ಆ ದಿನದ ಪದ್ಧತಿ. ನನಗೆ ಒಂದೊಂದು ನಗುವೂ ಬೆನ್ನ ಮೇಲೆ ಬಿದ್ದ ಹಾಗಾಯಿತು. ಅಕ್ಕ ಸೌಟು ಹಿಡಿದು ನಿಂತಲ್ಲಿಂದಲೇ ನನ್ನ ಮುಖ ನೋಡುತ್ತಿದ್ದಳು. ನಾನು ಫೋನಿನಲ್ಲಿ ಗಂಟೆ ನೋಡುತ್ತಿದ್ದೆ. ಹತ್ತು ನಿಮಿಷ, ಹದಿನೈದು. ಕಿವಿ ಬಿಸಿಯಾದಂತೆ ಅನ್ನಿಸಿತು. ಒಲೆಯ ಕಾವೋ ಮೀನೋ ತಿಳಿಯಲಿಲ್ಲ.

ಆಗ ಅಡುಗೆಮನೆಯ ಬಾಗಿಲಿಗೆ ಹುಡುಗಿ ಬಂದು ನಿಂತಳು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಚೌಕಟ್ಟು ಹಿಡಿದುಕೊಂಡು, "ಮಾವ, ನಂಗ್ಯಾಕೋ ಮೈಯೆಲ್ಲ ಉರೀತೈತೆ" ಎಂದಳು. ಅವಳ ಮುಖ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗಿತ್ತು. ಕುತ್ತಿಗೆಯ ಮೇಲೆ ದದ್ದುಗಳು ಎದ್ದಿದ್ದವು.

ನಾನು ಅಕ್ಕನ ಕಡೆ ತಿರುಗಿದೆ. "ಬೀಗ್ರ ಮುಂದೆ ನಾಚ್ಕೊಂಡು ಸರ್ಯಾಗಿ ತಿನ್ನಲ್ಲ ಅಂತ, ನೀನು ಬರೋಕೆ ಮುಂಚೆ ಎರಡು ಕರ್ದು ಕೊಟ್ಟೆ ಕಣೋ" ಎಂದಳು. ಮದುವೆಯಾದ ಮಗಳಿಗೆ ಅತ್ತೆಮನೆಯವರು ಬರುವ ಮೊದಲು ಗುಟ್ಟಾಗಿ ಹೊಟ್ಟೆ ತುಂಬಿಸುವುದು ನಮ್ಮ ಕಡೆಯ ಎಲ್ಲ ತಾಯಂದಿರೂ ಮಾಡುವ ಕೆಲಸ. ಅಕ್ಕ ಅದನ್ನು ನನಗೆ ಹೇಳಿರಲಿಲ್ಲ, ಅಷ್ಟೆ.

ಭಾವ ಓಮ್ನಿ ತೆಗೆದರು. ಹುಡುಗಿಯನ್ನು ನಡುವೆ ಕೂರಿಸಿಕೊಂಡು ನಾನೂ ಅವಳ ಗಂಡನೂ ಎರಡು ಬದಿ ಕೂತೆವು. ಅವಳು ಎದೆ ಹಿಡಿದುಕೊಂಡು, "ಹೃದಯ ಬಾಯಿಗೆ ಬಂದಂಗೆ ಹೊಡ್ಕೊಂತೈತೆ" ಎನ್ನುತ್ತಿದ್ದಳು. ಗಂಡ ಹೊಸಬ, ಪಾಪ, ಅವಳ ಕೈ ಹಿಡಿಯಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ. "ಹಿಡ್ಕೊಳಪ್ಪ!" ಎಂದು ಗದರಿದೆ. ಗುಬ್ಬಿ ಆಸ್ಪತ್ರೆ ಬರುವ ಹೊತ್ತಿಗೆ ನನ್ನ ಮುಖವೂ ಉರಿಯುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡೆ, ಬೆಂದ ಏಡಿಯ ಬಣ್ಣ. ಅದರ ಚಿಂತೆ ನನಗಿರಲಿಲ್ಲ. ಇವಳಿಗೆ ಏನಾದರೂ ಆದರೆ ಅಕ್ಕನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೋಡಿದ ಕೂಡಲೇ "ಏನು ತಿಂದ್ರಿ?" ಎಂದು ಕೇಳಿದರು. ಬೆಳಿಗ್ಗೆಯಿಂದ ಅರಿಶಿನ ಹಚ್ಚಿಟ್ಟ ಬಂಗುಡೆ ಎಂದೆ. ಇಬ್ಬರಿಗೂ ಇಂಜೆಕ್ಷನ್ ಕೊಟ್ಟರು, ಹುಡುಗಿಗೆ ಡ್ರಿಪ್ ಹಾಕಿದರು. ಒಂದು ಗಂಟೆಯಲ್ಲಿ ಅವಳ ಉಸಿರು ಸರಿಹೋಯಿತು, ಕೆಂಪು ಇಳಿಯತೊಡಗಿತು. ಡಾಕ್ಟರು ನನ್ನ ಬಳಿ ಬಂದು, "ಬಂಗುಡೆ ಥರದ ಮೀನು ಬೆಚ್ಚಗಿನ ಕಡೆ ಕೂತ್ರೆ ಒಳಗೇ ವಿಷ ಆಗುತ್ತೆ. ವಾಸ್ನೆ ಬರಲ್ಲ. ಬೇಯ್ಸಿದ್ರೂ ಹೋಗಲ್ಲ. ಅರಿಶಿನಕ್ಕೂ ಜಗ್ಗಲ್ಲ. ಕೆರೆ ಮೀನಲ್ಲಿ ಈ ತೊಂದ್ರೆ ಇಷ್ಟು ಇಲ್ಲ" ಎಂದರು. ಬೇಕೆಂದೇ ನನ್ನನ್ನು ಉದ್ದೇಶಿಸಿ ಹೇಳಿದ ಹಾಗಿತ್ತು. ನಾನು ಮೀನು ಮಾರುವವನೆಂದು ಅವರಿಗೆ ಹೇಳಿರಲಿಲ್ಲ.

ಬೀಗರ ತಾಯಿ, ಕುಣಿಗಲ್ಲಿನ ಅಜ್ಜಿಯ ನೆನಪಾಗಿದ್ದು ಆಗಲೇ. ನಿಟ್ಟೂರಿನಲ್ಲಿದ್ದ ಬೀಗರಿಗೆ ಫೋನ್ ಮಾಡಿ, ಮನೆಗೊಮ್ಮೆ ವಿಚಾರಿಸಿ ಎಂದೆ. ಅವರು ವಾಪಸ್ ಮಾಡುವವರೆಗಿನ ಐದು ನಿಮಿಷ ಆಸ್ಪತ್ರೆಯ ವರಾಂಡದಲ್ಲಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತೆನೋ ಈಗ ನೆನಪಿಲ್ಲ. ದೇವರಾಯನದುರ್ಗ ಹತ್ತಿ ಬರುತ್ತೇನೆ ಎಂದದ್ದು ಮಾತ್ರ ನೆನಪಿದೆ.

ಫೋನ್ ಬಂತು. "ಅವ್ವ ಗಟ್ಟಿಯಾಗವ್ಳೆ ಬೀಗ್ರೇ. ನಾನು ಮನೇಗೆ ಹೋಗ್ತಿದ್ದಂಗೇ ಐಸಿಂದ ತೆಗ್ದು ಸಾರು ಮಾಡಿಸ್ಕೊಂಡು ಬೆಳಿಗ್ಗೇನೇ ತಿಂದ್ಲು. ಮೀನು ಎಂಥಾ ರುಚಿ ಅಂತಾವ್ಳೆ. ನೀವು ಹೇಳ್ದಂಗೆ ಕಾಯ್ಲಿಲ್ಲ ನೋಡಿ, ಅದ್ಕೆ ಉಳ್ಕೊಂಡ್ಲು" ಎಂದು ನಕ್ಕರು.

ಅವರು ತಮಾಷೆಗೆ ಹೇಳಿದ್ದು. ನಾನು ಆ ವರಾಂಡದಲ್ಲೇ ಗೋಡೆಗೆ ಒರಗಿ ಕೂತೆ. ಒಂದೇ ಪೆಟ್ಟಿಗೆ, ಒಂದೇ ಮೀನು. ಕುಣಿಗಲ್ಲಿನಲ್ಲಿ ನನ್ನ ಮಾತು ಕೇಳದವರು ಚೆನ್ನಾಗಿದ್ದರು. ನಿಟ್ಟೂರಿನಲ್ಲಿ ಕೇಳಿದವರು ಆಸ್ಪತ್ರೆಯಲ್ಲಿದ್ದರು. ಮೊದಲಾದರೆ ಇದು ನಡೆದುಹೋಗುತ್ತಿತ್ತು. ಕರಾವಳಿಯ ಹತ್ತಿರವೇ ಸಿಕ್ಕ ತಾಜಾ ಬಂಗುಡೆ ನಾಲ್ಕು ಗಂಟೆಯ ಅರಿಶಿನವನ್ನು ತಡೆದುಕೊಳ್ಳುತ್ತಿತ್ತು. ಮೀನು ದೂರ ಸರಿದು, ಬೋಟು ದೂರ ಹೋಗಿ, ಆ ನಾಲ್ಕು ಗಂಟೆಯ ಗಡುವೆಲ್ಲ ಸಮುದ್ರದ ಮೇಲೆಯೇ ಮುಗಿದುಹೋಗಿತ್ತು. ಅದು ನನಗೆ ಗೊತ್ತಿತ್ತು. ಮಂಗಳೂರಿನವನು ವರ್ಷಗಟ್ಟಲೆ ಫೋನಿನಲ್ಲಿ ಬಿಡಿಸಿ ಹೇಳಿದ್ದ. ಮೀನು ದಾರಿ ಬದಲಿಸಿತೆಂದು ಕೇಳಿಯೂ ನಾನು ಮಾತ್ರ ಅವ್ವನ ಕುಕ್ಕೆಯ ಲೆಕ್ಕವನ್ನೇ ಹಿಡಿದು ಕೂತಿದ್ದೆ.

ನಾಲ್ಕು ಗಂಟೆಗೆ ಹುಡುಗಿಯನ್ನು ಕರೆದುಕೊಂಡು ವಾಪಸಾದೆವು. ಬೀಗರು ಯಾರೂ ಎಲೆ ಮುಂದೆ ಕೂತಿರಲಿಲ್ಲ. ಸೊಸೆ ಬರುವವರೆಗೆ ಊಟ ಬೇಡ ಎಂದು ಹುಡುಗನ ತಾಯಿ ಎಲ್ಲರನ್ನೂ ತಡೆದಿದ್ದರಂತೆ. ಆಮೇಲೆ ಮಟನ್ ಸಾರನ್ನು ಮತ್ತೆ ಕಾಯಿಸಿ ಬಡಿಸಿದರು. ಮುದ್ದೆ ತಣ್ಣಗಾಗಿ ಕಲ್ಲಾಗಿತ್ತು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆ ದೊಡ್ಡ ಗಂಟಲಿನ ಚಿಕ್ಕಪ್ಪನೂ ತಲೆ ಬಗ್ಗಿಸಿ ಉಂಡ. ಹಿತ್ತಿಲ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಬಂಗುಡೆಯನ್ನೆಲ್ಲ ಮುಚ್ಚಿದ್ದರು.

ಊಟವಾದ ಮೇಲೆ ಬೀಗಿತ್ತಿ ನನ್ನ ಬಳಿ ಬಂದು, "ಆ ಮಂಗ್ಳೂರಿನವ್ನಿಗೆ ಸರ್ಯಾಗಿ ಉಗೀರಿ ನೀವು, ಹಳೇ ಮೀನು ಕೊಟ್ಟು ನಮ್ಮ ಹುಡುಗೀನ ಹಿಂಗ್ ಮಾಡ್ದ" ಎಂದರು. "ಸಮುದ್ರನೇ ಈಗ ಸರಿ ಇಲ್ಲ ಅಮ್ಮ, ನೀರು ಕಾದುಹೋಗೈತೆ" ಎಂದೆ. ಸುಳ್ಳೇನಲ್ಲ. ಸುತ್ತಲಿದ್ದವರು ತಲೆಯಾಡಿಸಿದರು, ಮಳೆಯೂ ಹಾಗೇ ಆಗಿದೆ, ರಾಗಿಯೂ ಹಾಗೇ ಆಗಿದೆ ಎಂದು ಮಾತು ಬೆಳೆಸಿದರು. ತಪ್ಪು ಸಮುದ್ರದ ಮೇಲೆ ಹೋಗಿ ಬಿತ್ತು. ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ.

ಮಿನಿಬಸ್ ಹೋದ ಮೇಲೆ ಅಕ್ಕ ಹಿತ್ತಿಲಿನಲ್ಲಿ ಟಬ್ಬು ತೊಳೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಬೋಟಿನವನ ಸುಳ್ಳು, ಗೋವಾ, ಬಿಸಿ ನೀರು, ಎಲ್ಲ ಮತ್ತೊಮ್ಮೆ ಹೇಳಿದೆ. ಕುಣಿಗಲ್ಲಿನ ಅಜ್ಜಿಯ ವಿಷಯವನ್ನೂ ಹೇಳಿದೆ. ಅವಳು ಟಬ್ಬು ತಿಕ್ಕುತ್ತಲೇ ಇದ್ದಳು. ಪ್ಲಾಸ್ಟಿಕ್ಕಿಗೆ ಹಿಡಿದ ಹಳದಿ ಬಿಡುತ್ತಿರಲಿಲ್ಲ.

ಕೊನೆಗೆ ತಲೆ ಎತ್ತಿ ಕೇಳಿದಳು. "ಹಂಗಾದ್ರೆ ಇವತ್ತು ಬೆಳಿಗ್ಗೆ ತುಮಕೂರಲ್ಲಿ ಯಾರ್ಯಾರಿಗೆ ಕೊಟ್ಟೆ?"

ಬೈಕು ಹತ್ತಿದಾಗಿನಿಂದ ಅಲ್ಲಿಯವರೆಗೆ ಅಕ್ಕ, ಬೀಗರು, ಹುಡುಗಿ, ಅಜ್ಜಿ, ಇವರ ಆಚೆ ನಾನು ಯಾರನ್ನೂ ನೆನೆಸಿಕೊಂಡಿರಲಿಲ್ಲ. ಹತ್ತೂವರೆಯವರೆಗೆ ಒಬ್ಬೊಬ್ಬರ ಕವರಿಗೂ ನನ್ನ ಕೈಯಾರೆ ಬಂಗುಡೆ ಹಾಕಿದ್ದೆ. ಒಬ್ಬೊಬ್ಬರಿಗೂ ಅದ್ಯಾವ ಮಾತು ಹೇಳಿ ಕಳಿಸಿದ್ದೆನೆಂದು ಅಕ್ಕನಿಗೂ ಗೊತ್ತಿತ್ತು.

ಫೋನ್ ತೆಗೆದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ಒಬ್ಬ ಟೀಚರಮ್ಮ, ಅಂಗಡಿ ತೆರೆದ ದಿನದಿಂದ ಬರುವವರು. ಅವರ ನಂಬರ್ ಒತ್ತಿದೆ. ಅಕ್ಕ ಟಬ್ಬು ಬಿಟ್ಟು ನನ್ನನ್ನೇ ನೋಡುತ್ತ ಕೂತಳು. ಆ ಕಡೆ ರಿಂಗಾಗುತ್ತಲೇ ಇತ್ತು. ಎತ್ತಿದರು.

"ಹೇಳಪ್ಪ. ಮಧ್ಯಾಹ್ನ ಎಲ್ಲೋ ಹೋಗಿದ್ವಿ, ಈಗ ಮಾಡ್ತಿದೀನಿ. ನೀನು ಹೇಳಿದ್ದಕ್ಕಿಂತ ಜಾಸ್ತಿ ಹೊತ್ತೇ ಅರಿಶಿನದಲ್ಲಿ ಬಿಟ್ಟಿದೀನಿ ಕಣಪ್ಪ, ಬಾಣಲೆ ಒಲೆ ಮೇಲೈತೆ" ಎಂದರು.

"ಒಲೆ ಆರಿಸಿ ಅಮ್ಮ. ಆ ಮೀನು ಎಸ್ದುಬುಡಿ" ಎಂದೆ. ಅಕ್ಕನಿಗೂ ಕೇಳುವ ಹಾಗೆ ಹೇಳಿದೆ. "ಮೀನಿನ ತಪ್ಪಲ್ಲ ಅಮ್ಮ. ನಾನು ಹೇಳ್ಕೊಟ್ಟಿದ್ದೇ ತಪ್ಪು."